ಅಪ್ಪನ ದೋಟಿಯ ಮುಂದೆ ಮಷೀನು

ಅಪ್ಪಾ,

ದೋಟಿ ಹುಡುಕಬ್ಯಾಡ, ಇವತ್ತೂ ನಾನ ಒಯ್ದೇನಿ. ಅದರ ಕುಡಗೋಲು ಬಿಚ್ಚಿ ಕಪಾಟಿನ ಮ್ಯಾಲೆ ಇಟ್ಟೇನಿ. ರೊಟ್ಟಿ ಬುಟ್ಟ್ಯಾಗ ಅದಾವ. ನಿನ್ನಿ ಹಂಗ ಸಿಟ್ಟ ಮಾಡಿ ಉಪಾಸ ಕುಂದರಬ್ಯಾಡ.

ಹತ್ತಕ್ಕ ಸಾಂಬ್ರಾದ ಮಷೀನ್ ಮಾರಾಂವ ಬರತಾನ. ಸೂರಿನ ನೀರದೋಣಿ ಕಸಾ ಜಗ್ಗೂ ಆ ಮಷೀನ್ ಅವಗ ತಿರಗಿ ಕೊಡು. ‘ಇನ್ನೆರಡ ದಿನಾ ನೋಡ್ರಿ’ ಅಂದ್ರ ಬ್ಯಾಡ ಅನ್ನು. ಕಿಡಕಿ ಗ್ಲಾಸ್ ಒರಸೂ ನನ್ನ ಕೆಲಸದ ಜೋಡಿ ಇದೂ ನಡೀತದ ಅಂತ ನಾನ ಹಟ ಹಿಡದ ತರಿಸಿದ್ದೆ, ಖರೇ. ಮಹಾಂತೇಶ ನಗರದಾಗ ಒಣಾ ಎಲಿ ಸರ್ರನ ಜಗ್ಗಿತು, ಹಿಗ್ಗಿದೆ. ನಿನ್ನಿ ಖಾನಾಪುರದ ಬಂಗಲೇದಾಗ ಹಸಿ ಎಲಿ, ಪಾಚಿ ಸಿಕ್ಕು ಅದರ ಪೈಪ ಕಟ್ಟಿ ಕುಂತತು. ನಗಬ್ಯಾಡ.

ಪೈಪ ಎತ್ತಿ ಹಿಡಿಯಾಕ ನಿನ್ನ ದೋಟಿ ಒಯ್ದಿದ್ದೆ. ಅದರ ತುದಿಗೆ ಅವರ ಅಡಗಿಮನಿ ಸೌಟು ಬಗ್ಗಿಸಿ ಕಟ್ಟಿದೆ. ನೆಲದ ಮ್ಯಾಲೆ ನಿಂತ ಎಲ್ಲಾ ಎಳದ ಹಾಕಿದೆ. ಮನಿಯವರು, “ಇದು ಯಾವ ಕಂಪನೀದು?” ಅಂತ ಕೇಳಿದ್ರು. “ನಮ್ಮಪ್ಪಂದು” ಅಂದೆ. ಇವತ್ತ ಅವರ ಬಾಜೂ ಎರಡ ಮನಿಯವರು ಕರದಾರ.

ಆಡಿಗೆ ತಪ್ಪಲ ಕಡಿಯೂ ದೋಟಿ ಅಂತ ನಾಚಿ, ನಿನ್ನಿ ಗೋಣಿಚೀಲ ಸುತ್ತಿ ಒಯ್ದಿದ್ದೆ. ಇವತ್ತ ಚೀಲ ಸುತ್ತದನ ಹೆಗಲ ಮ್ಯಾಲೆ ಇಟ್ಕೊಂಡ ಹೊಂಟೇನಿ, ಓಣಿ ಮಂದಿ ಎಲ್ಲಾ ನೋಡಲಿ.

ಪ್ರಮಿಳಾ