ಗೇಟಿನಲ್ಲಿ ನಿಂತ ಹತ್ತನೆಯವರು

ಅಕ್ಕನ ಮಗಳು ಸುಮಂಗಲಾಳಿಗೆ ಪುಣೆಯಿಂದ ಮಾಮಾನ ಆಶೀರ್ವಾದ.

ಇಲ್ಲಿ ನಮ್ಮ ಪಕ್ಕದ ಮನೆಯ ಎಜ್ರಾ ಚಾರಿಕರ್ ಯೆಹೂದಿಗಳು. ಶನಿವಾರ ಅವರ ಪ್ರಾರ್ಥನಾ ಮಂದಿರ ನೋಡಲು ಹೋಗಿದ್ದೆ. ಗೇಟಿನಲ್ಲಿ ಬಂದೂಕು ಹಿಡಿದ ಪೊಲೀಸ! ಯಾಕೆಂದು ಜೊತೆಗಿದ್ದ ಎಜ್ರಾರನ್ನು ಕೇಳಿದೆ.

"ಪುಣ್ಯಾದಾಗ ನಮಗ ಯಾರ ಕಾಟಾನೂ ಇಲ್ಲ ರುದ್ರಪ್ಪ. ಆದ್ರ ಹೊರದೇಶದಾಗ ನಮ್ಮವರ ಮ್ಯಾಲೆ ಗುಂಡು ಹಾರಿದ್ರ ಇಲ್ಲಿ ಕಾವಲು ಬಿಗಿ ಆಗ್ತದ" ಎಂದರು.

ಒಳಗೆ ಒಂಬತ್ತೇ ಗಂಡಸರು. ಹತ್ತು ಜನ ಸೇರದೆ ಧರ್ಮಗ್ರಂಥದ ಸುರುಳಿ ತೆರೆದು ಓದುವಂತಿಲ್ಲವಂತೆ. ಹಲವು ವಾರಗಳಿಂದ ಓದೇ ಆಗಿಲ್ಲ. "ನಾನೊಬ್ಬನ ಇಬ್ಬರಿಗೆ ಸಮ, ನನ್ನ ಎಣಿಸ್ರಿ" ಎಂದು ಡೊಳ್ಳುಹೊಟ್ಟೆ ತಟ್ಟಿಕೊಂಡೆ.

"ನೀವು ಐದು ಮಂದಿಗೆ ಸಮ. ಆದ್ರ ಒಬ್ಬ ಯೆಹೂದಿಗೆ ಸಮ ಅಲ್ರಿ!" ಎಂದರು ಎಜ್ರಾ. ಎಲ್ಲರೂ ನಕ್ಕರು.

ಅಷ್ಟರಲ್ಲಿ ಅಹಮದಾಬಾದಿನಿಂದ ಬಂದಿದ್ದ ಒಬ್ಬ ಯೆಹೂದಿ ಮುದುಕರು ಗೇಟಿಗೆ ಬಂದರು. ಮಡಿವಂತರು, ತಮ್ಮ ಪವಿತ್ರ ವಿಶ್ರಾಂತಿ ದಿನವಾದ ಶನಿವಾರ ಜೇಬಿನಲ್ಲಿ ಏನನ್ನೂ ಒಯ್ಯುವುದಿಲ್ಲ. ಹಾಗಾಗಿ ಆಧಾರ್ ಕಾರ್ಡೂ ಇಲ್ಲ, ಪೊಲೀಸ ಬಿಡಲಿಲ್ಲ. ಒಳಗಿನವರಿಗೂ ಅವರ ಪರಿಚಯವಿರಲಿಲ್ಲ.

ಆಗ ನಿನ್ನ ಮಾಮಾನ ತಲೆ ಓಡಿತು ನೋಡು. "ಸಾಹೇಬ್ರ, ಅವರ ಪ್ರಾರ್ಥನೆ ಒಂದು ಸಾಲು ಹೇಳಿಸ್ರಿ" ಎಂದು ಪೊಲೀಸನಿಗೆ ಹೇಳಿದೆ. ಮುದುಕರು ಅಂಗೈಯಿಂದ ಕಣ್ಣು ಮುಚ್ಚಿಕೊಂಡು ಒಂದು ಸಾಲು ಹಾಡಿದರು. ಮುಂದಿನ ಸಾಲನ್ನು ಒಳಗಿನ ಒಂಬತ್ತೂ ಜನ ಎತ್ತಿಕೊಂಡರು. ಪೊಲೀಸ ಪಕ್ಕಕ್ಕೆ ಸರಿದ.

ಮೊಣಕಾಲು ನೋವು ಕಡಿಮೆಯಾಗಿದೆ, ಅಕ್ಕನಿಗೆ ಹೇಳು. ಅಂಚೆ ಕಾರ್ಡು ತುಂಬಿತು. ಸುರುಳಿ ತೆರೆದದ್ದನ್ನು ಹಿಂದಿನ ಬೆಂಚಿನಿಂದ ಕಣ್ಣಾರೆ ನೋಡಿದೆ, ಹನ್ನೊಂದನೆಯವನಾಗಿ.

ನಿನ್ನ ಮಾಮಾ,
ರುದ್ರಪ್ಪ