ಆರು ಮಂದಿ ರೇಡರ್‌ಗಳು

ಉಮರ್,

ನೀನು ನನ್ನ ಫೋನ್ ಎತ್ತುವುದಿಲ್ಲ, ನಾನು ಇದನ್ನು ಕಳಿಸುವುದೂ ಇಲ್ಲ. ಆದರೆ ಬರೆಯದಿದ್ದರೆ ನನ್ನ ಸಿಟ್ಟು ಇಳಿಯುವ ಹಾಗಿಲ್ಲ.

ಮುಂದಿನ ವಾರ ಬಹ್ರೇನಿನಲ್ಲಿ ಈ ವರ್ಷದ ಕಬಡ್ಡಿ ಪಂದ್ಯಾಟ ಶುರು. ಇವತ್ತು ಟುಬ್ಲಿಯ ಗ್ಯಾರೇಜಿನ ಹಿಂದೆ ನಮ್ಮ ಕಾಲೇಜಿನ ಹಳೆ ವಿದ್ಯಾರ್ಥಿಗಳ ತಂಡಕ್ಕೆ ಅಭ್ಯಾಸ ಮಾಡಿಸುತ್ತಿದ್ದೆ. ನೀನು ಊರಿಗೆ ಹೋದ ಮೇಲೆ ಇನ್ನು ರೇಡಿಗೆ ಯಾರು ಎಂದು ನಾನು ಕೇಳಿದರೆ, ಮ್ಯಾನೇಜರ್ ಯುಸ್ಟೇಸ್ ಕುರ್ಚಿಗೆ ಒರಗಿಕೊಂಡೇ, "ಎಂತ ಟೆನ್ಶನ್ ಮಾರಾಯ? ಆರು ರೇಡರ್ ಉಂಟಲ್ಲ! ಒಬ್ಬ ಬಿದ್ದರೆ ಇನ್ನೊಬ್ಬ" ಎಂದ.

ಒಬ್ಬ ಬಿದ್ದರೆ ಇನ್ನೊಬ್ಬನಂತೆ! ಆಟಗಾರರೇನು ಕಾರಿನ ಸ್ಟೆಪ್ನಿಯೇ?

ಆ ಆರರಲ್ಲಿ ನಿನ್ನ ಹಾಗೆ ಎಡಗಡೆಯಿಂದ ನುಗ್ಗುವವನು ಒಬ್ಬನೂ ಇಲ್ಲ. ಆದರೆ ಗೆರೆ ದಾಟುವ ಮೊದಲು ಆರೂ ಮಂದಿ ನಿನ್ನ ಹಾಗೆಯೇ ಬಗ್ಗಿ, ಎಡ ಮೊಣಕಾಲಿಗೆ ಎರಡು ಏಟು ಹೊಡೆದುಕೊಳ್ಳುತ್ತಾರೆ. ನಿನ್ನ ಹಳೆಯ ವಿಡಿಯೊಗಳನ್ನು ನೋಡಿ ಕಲಿತದ್ದು! ಅದೇ ಮೊಣಕಾಲು ಕೈಕೊಟ್ಟು ನಿನ್ನನ್ನು ಸ್ಟ್ರೆಚರಿನಲ್ಲಿ ಹೊತ್ತುಕೊಂಡು ಹೋದ ಕಳೆದ ವರ್ಷದ ಫೈನಲನ್ನು, ಈ ವರ್ಷವಷ್ಟೇ ತಂಡಕ್ಕೆ ಸೇರಿದ ಅವರಲ್ಲಿ ಯಾರೂ ನೋಡಿದವರಲ್ಲ.

ಕೊನೆಗೆ ಫಾಝಿಲ್, ಅವರಲ್ಲೆಲ್ಲ ಚುರುಕಾದವನು, ಮೊಣಕಾಲು ಬಡಿದುಕೊಂಡಾಗ ನಾನು ಸೀಟಿ ಊದಿ ಆಟ ನಿಲ್ಲಿಸಿದೆ.

"ಕಾಲು ನೋವುಂಟಾ?"

"ಇಲ್ಲ ಸರ್, ಅದು ಸ್ಟೈಲಿಗೆ" ಎಂದು ನಕ್ಕ.

ಫೈನಲಿನ ಕೊನೆಯ ರೇಡಿಗೆ ಮುಂಚೆ ನಾನು ಕೇಳಿದಾಗ ನೀನೂ ಇದನ್ನೇ ಹೇಳಿದ್ದೆ, ಹೀಗೆಯೇ ನಕ್ಕಿದ್ದೆ. ಸುಳ್ಳು ಹೇಳಲು ನಿನಗೆ ಯಾರು ಹೇಳಿದ್ದರು?

ಯುಸ್ಟೇಸ್ ಬೊಬ್ಬೆ ಹಾಕಿದ. ಹಾಕಲಿ. ಫಾಝಿಲನನ್ನು ನಾನು ಮತ್ತೆ ಅಂಕಣದೊಳಗೆ ಬಿಡಲಿಲ್ಲ.

ಓಲಿವರ್