ಒಂಬತ್ತನೆಯ ಕುಳಿ

ಲೋನ್ ಎಲ್ಮ್, ನೆಬ್ರಾಸ್ಕಾ
ನವೆಂಬರ್ 9

ನನ್ನ ಮುದ್ದು ಡೆಲೇನಿ,

ಫೋನು ಎತ್ತುವುದಿಲ್ಲವೆಂದು ಹಟ ಹಿಡಿದು ಕೂತಿದ್ದೀಯ. ಕಾಗದವನ್ನಾದರೂ ಒಡೆದು ಓದುತ್ತೀಯೆಂದು ಬರೆಯುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ. ನಮ್ಮ ಗಾಲ್ಫ್ ಮೈದಾನವೂ ಎಂದಿನಂತೆ ನಡೆಯುತ್ತಿದೆ. ಅಪ್ಪನ ಕೆಲಸವನ್ನೆಲ್ಲ ಈಗ ನಾನೇ ಮಾಡುತ್ತೇನೆ. ಕುಳಿಗಳ ಸುತ್ತಲಿನ ಮರಳು ಗಾಳಿಗೆ ಹಾರದಂತೆ ಎಣ್ಣೆ ಬೆರೆಸಿ ಕೈಯೆಲ್ಲ ಕಪ್ಪಾಗಿದೆ. ಚೆಂಡಿನಿಂದ ಕುಳಿಯವರೆಗೆ ಆ ಮರಳ ಮೇಲೆ ಹಲಗೆ ಎಳೆದು ದಾರಿ ನುಣುಪು ಮಾಡುವುದೆಂದರೆ ಚಿಕ್ಕಂದಿನಲ್ಲಿ ನಿನಗೆ ಆಟಕ್ಕಿಂತ ಇಷ್ಟ. ಅಪ್ಪನಿಗೂ ಬಿಟ್ಟುಕೊಡುತ್ತಿರಲಿಲ್ಲ.

ನೀನು ಲಿಂಕನ್ ನಗರದ ಟೈರಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದೀಯೆಂದು ನಿನ್ನ ಸೋದರತ್ತೆ ಹೇಳಿದಳು. ಅದರಲ್ಲಿ ತಪ್ಪೇನಿಲ್ಲ. ಆದರೆ ‘ಇನ್ನು ಗಾಲ್ಫ್ ಕೋಲು ಮುಟ್ಟುವುದಿಲ್ಲ, ಪಂದ್ಯದಲ್ಲಿ ನಾನು ಹಾಕಿಸಿಕೊಂಡ ಆ ಒಂದು ದಂಡವೇ ಅಪ್ಪನನ್ನು ಕೊಂದಿತು’ ಎಂದೆಯಂತೆ. ಕೇಳಿ ಸಂಕಟವಾಯಿತು, ಸಿಟ್ಟೂ ಬಂತು.

ಆ ಸಂಜೆ ಏನಾಯಿತೆಂದು ಕೇಳು. ವೃತ್ತಿಪರ ಆಟಗಾರರ ಟೂರಿನ ಅರ್ಹತಾ ಪಂದ್ಯ ಮುಗಿಸಿ ನೀನು ಫೋನು ಮಾಡಿದಾಗ ನಾವು ಕೆಫೆಯಲ್ಲಿದ್ದೆವು. ಉದ್ದ ಹುಲ್ಲಿನಲ್ಲಿ ಕೋಲು ಊರುವಾಗ ಚೆಂಡು ಅಲುಗಿತೆಂದು ನೀನೇ ಹೇಳಿ ಒಂದು ಹೊಡೆತದ ದಂಡ ಹಾಕಿಸಿಕೊಂಡದ್ದು, ಆ ಒಂದು ಹೊಡೆತದಿಂದಲೇ ಟೂರು ಕೈತಪ್ಪಿದ್ದು, ಎಲ್ಲವನ್ನೂ ಅಪ್ಪ ಅಲ್ಲಿದ್ದವರಿಗೆ ತಿಳಿಸಿದ. ಗೋಧಿ ಗೋದಾಮಿನ ಡ್ವೇನ್ ಸುಮ್ಮನಿರುತ್ತಾನೆಯೇ?

"ಅಲ್ಲಯ್ಯಾ ವರ್ಲಿನ್, ಯಾರೂ ನೋಡಿಲ್ಲ ಅಂದ್ಮೇಲೆ ಬಾಯ್ಮುಚ್ಕೊಂಡು ಆಡೋಕಾಗ್ತಿರ್ಲಿಲ್ವಾ? ಎಂಥಾ ಪೆದ್ದಿನ ಸಾಕಿದೀಯ ಮಾರಾಯ."

ನಿನ್ನಪ್ಪ ಕಾಫಿ ಮುಗಿಸಿ ಲೋಟ ಕೆಳಗಿಟ್ಟ.

"ಅವಳು ನೋಡಿದ್ಲಲ್ಲ. ಸಾಕು ಬಿಡು" ಎಂದ.

ಮನೆಯವರೆಗೂ ಸಿಳ್ಳೆ ಹಾಕಿಕೊಂಡೇ ಟ್ರಕ್ಕು ಓಡಿಸಿದ. ಅವನ ಸಿಳ್ಳೆ ಕೇಳಲಾಗದೆ ನಾನು ಕಿಟಕಿ ಇಳಿಸಿದೆ. ಎದೆಯೊಡೆದುಕೊಂಡವನು ಹಾಗೆ ಸಿಳ್ಳೆ ಹಾಕುತ್ತಾನೆಯೇ, ನೀನೇ ಹೇಳು.

ಮರುದಿನ ಬೆಳಿಗ್ಗೆ ಒಬ್ಬನೇ ಆಡಲು ಹೋದ. ಹೃದಯದ ತೊಂದರೆ ಅವನಿಗೆ ಮೊದಲಿನಿಂದಲೂ ಇತ್ತು. ಹುಡುಗಿಯ ಆಟ ಕೆಡುತ್ತದೆ, ಹೇಳಬೇಡ ಎಂದು ನನ್ನ ಬಾಯಿ ಕಟ್ಟಿದ್ದ. ಒಂಬತ್ತನೆಯ ಕುಳಿಯ ಹತ್ತಿರ ಬಿದ್ದಿದ್ದ. ನಿನ್ನ ದಂಡಕ್ಕೂ ಅದಕ್ಕೂ ಯಾವ ಸಂಬಂಧವೂ ಇಲ್ಲ.

ಅವನಿಲ್ಲದೆ ಮನೆ ಬಿಕೋ ಎನ್ನುತ್ತದೆ, ಕಂದಾ. ನೀನೂ ಆಟ ಬಿಟ್ಟರೆ ನಾನು ಇಬ್ಬರನ್ನೂ ಕಳೆದುಕೊಂಡ ಹಾಗೆ. ಕೋಲುಗಳ ಚೀಲ ಇಲ್ಲೇ ಕೊಟ್ಟಿಗೆಯಲ್ಲಿ ಬಿದ್ದಿದೆ. ಇಲಿ ಕಡಿಯದಂತೆ ಮೇಲೆ ನೇತುಹಾಕಿದ್ದೇನೆ.

ನಿನ್ನ ದಾರಿ ಕಾಯುತ್ತಿರುವ ಅಮ್ಮ,
ಜೋಲೀನ್

ತಾ.ಕ.: ಮೈದಾನ ಎಂದಿನಂತೆ ನಡೆಯುತ್ತಿದೆ ಎಂದದ್ದು ಸುಳ್ಳು. ಒಂಬತ್ತನೆಯ ಕುಳಿಗೆ ನಾನು ಯಾರನ್ನೂ ಬಿಟ್ಟಿಲ್ಲ. ಎಂಟನೆಯ ಕುಳಿಗೇ ಆಟ ನಿಲ್ಲಿಸಬೇಕಲ್ಲ ಎಂದು ಡ್ವೇನ್ ದಿನಾ ಗೊಣಗುತ್ತಾನೆ. ಆವತ್ತು ಅಪ್ಪ ಮರಳ ಮೇಲೆ ಹಲಗೆ ಎಳೆದು ದಾರಿ ಮಾಡಿ ಮುಗಿಸಿದ್ದ. ಚೆಂಡು ಹೊಡೆದಿರಲಿಲ್ಲ. ಆ ಚೆಂಡಿನ ಮೇಲೆ ಬಕೆಟ್ಟು ಬೋರಲು ಹಾಕಿ ಕಲ್ಲು ಹೇರಿಟ್ಟಿದ್ದೇನೆ. ದಿನಾ ಬೆಳಿಗ್ಗೆ ಎತ್ತಿ ನೋಡುತ್ತೇನೆ. ಚೂರೂ ಅಲುಗಿಲ್ಲ. ಹಿಮ ಬೀಳುವುದರೊಳಗೆ ಬಂದು ಹೊಡೆ.